ಸೋರೆ ಬಳ್ಳಿಯಲ್ಲಿ ಉಳಿದ ಒಂದು ಗಂಡು ಮೊಗ್ಗು

ಚಿತ್ತಮ್ಮ,

ಹೊಸದುರ್ಗದ ಬಸ್ಸಿಗೆ ಹೊರಟಿದ್ದೇನೆ, ಬರುವುದು ನಾಳೆ.

ಹಿತ್ತಲಿನ ಸೋರೆ ಬಳ್ಳಿಯಲ್ಲಿ ನಿನ್ನೆ ಒಂಬತ್ತು ಗಂಡು ಮೊಗ್ಗುಗಳಿದ್ದವು. ಈ ಬೆಳಿಗ್ಗೆ ಒಂದೇ ಇದೆ. ಆಡು ಮೇಯ್ದಿದ್ದರೆ ಎಲೆ ಉಳಿಯುತ್ತಿರಲಿಲ್ಲ. ತೊಟ್ಟುಗಳ ಮೇಲೆ ಉಗುರಿನ ಗುರುತಿದೆ. ಅವ್ವನನ್ನು ಕೇಳಿದೆ. "ಗೊಡ್ಡು ಹೂವು ಬಳ್ಳಿ ಸಾರ ಹೀರ್ತವೆ ಕಣಪ್ಪ, ಕಿತ್ತಾಕಿದ್ರೆ ಕಾಯಿ ದಪ್ಪಾಗ್ತವೆ" ಅಂದಳು. ಕಿತ್ತವರು ಯಾರೆಂದು ಮಾತ್ರ ಹೇಳಲಿಲ್ಲ. ನಿನ್ನ ಉಗುರು ಯಾಕೆ ಹಸಿರಾಗಿದೆ ಎಂದು ಕೇಳಿದ್ದಕ್ಕೆ, ನಿನ್ನೆ ಸೊಪ್ಪು ಸೋಸಿದೆ ಎಂದು ನೀನು ಹೇಳಿದೆ. ನಿನ್ನೆ ಮನೆಯಲ್ಲಿ ಮಾಡಿದ್ದು ಹುರುಳಿ ಸಾರು.

ಆ ಹೂವು ಗೊಡ್ಡಲ್ಲ. ಅದರ ಪರಾಗ ತಾಗದಿದ್ದರೆ ಹೆಣ್ಣು ಹೂವಿನ ಹೀಚು ಹಳದಿಯಾಗಿ ಉದುರುತ್ತದೆ. ನಿನ್ನ ಎಂಟನೇ ತರಗತಿಯ ಪುಸ್ತಕದಲ್ಲೇ ಚಿತ್ರವಿದೆ. ಅಪ್ಪ ಕುರಿ ಹಿಂದೆ ಹೋಗುವಾಗ ನೀರು ಒಯ್ಯುವ ಒಣ ಸೋರೆ ಬುರುಡೆಯ ತಳಿ ಇದು. ಮೊಳೆತದ್ದು ಕೊನೆಯ ಬೀಜ.

ಉಳಿದ ಗಂಡು ಮೊಗ್ಗು, ಅದರ ಪಕ್ಕದ ಹೆಣ್ಣು ಮೊಗ್ಗು, ಎರಡೂ ಇಂದು ಸಂಜೆ ಅರಳುತ್ತವೆ. ಗಂಡು ಹೂವಿನ ಎಸಳು ಬಿಡಿಸಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರು. ಅಲ್ಲಿಯವರೆಗೆ ಅವ್ವನನ್ನು ಹಿತ್ತಲಿಗೆ ಬಿಡಬೇಡ. ನಿನ್ನನ್ನೂ ಬಿಡುತ್ತಿರಲಿಲ್ಲ, ಆದರೆ ಮನೆಯಲ್ಲಿ ಬೇರೆ ಕೈ ಇಲ್ಲ.

ಅಣ್ಣ, ಜುಂಜಪ್ಪ