ಏಳನೆಯ ಅರ್ಜಿ

ವಿನ್ನಿಪೆಗ್
೨೨ ಸೆಪ್ಟೆಂಬರ್ ೨೦೦೯, ಮಂಗಳವಾರ

ಪ್ರೀತಿಯ ಫ್ರೇಡಕ್ಕಾ,

ಹರಿದು ಹಾಕುವ ಮುಂಚೆ ಒಂದು ಸಲ ಓದಿಬಿಡು. ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ನನ್ನ ದನಿ ಕೇಳಿದ್ದೇ ತಡ, ನೀನು ಇಟ್ಟುಬಿಟ್ಟೆ. ಕ್ಷಮೆಯನ್ನು ಮೂರು ಸಲವಾದರೂ ಕೇಳಬೇಕು ಅಂತಾರಲ್ಲ, ಇದು ಮೂರನೆಯದು. ಸೋಮವಾರ ಯೋಮ್ ಕಿಪ್ಪುರ್, ಪ್ರಾಯಶ್ಚಿತ್ತದ ಉಪವಾಸ. ನಿನಗೆ ಮಾಡಿದ ತಪ್ಪನ್ನು ನೀನು ಮನ್ನಿಸದೆ ದೇವರೂ ಮನ್ನಿಸುವುದಿಲ್ಲ.

ನಮ್ಮ ಸಮುದಾಯದ ಸೇವಾ ಸಮಿತಿಯಲ್ಲಿ ನಾನಿರುವುದು ನಿನಗೆ ಗೊತ್ತಿರಬಹುದು. ಹಣ ಸಾಲದು, ಈ ಚಳಿಗಾಲಕ್ಕೆ ಎಲ್ಲ ಸೇವೆ ನಡೆಸಲು ಆಗುವುದಿಲ್ಲ, ಯಾವುದು ಮೊದಲು, ಯಾವುದು ಕೊನೆ ಅಂತ ನೀವೇ ತೀರ್ಮಾನಿಸಿ ಅಂತ ಮೇಲಿನವರು ಸಮಿತಿಗೆ ಹೇಳಿದರು. ಹೊಸದಾಗಿ ವಲಸೆ ಬಂದವರಿಗೆ ನೆರವು, ಮುದುಕರಿಗೆ ಬಿಸಿಯೂಟ, ಮತ್ತೆ ಮರೆವಿನ ಕಾಯಿಲೆಯವರನ್ನು ಹಗಲು ನೋಡಿಕೊಳ್ಳುವ ಹೆಂಗಸರು. ಮೂರಕ್ಕೂ ಬಂದ ಅರ್ಜಿಗಳನ್ನು ಓದಿ ತೀರ್ಮಾನಿಸಬೇಕಿತ್ತು; ಅವುಗಳಲ್ಲಿ ಹೆಸರಿಲ್ಲ, ನಂಬರು ಮಾತ್ರ. ಪಡೆಯುವವರು ಯಾರೆಂದು ಕೊಡುವವರಿಗೆ ತಿಳಿಯಬಾರದು, ಅವರ ಮಾನ ಉಳಿಯಬೇಕು ಅನ್ನುವುದು ಅಪ್ಪನ ಕಾಲದಿಂದ ಬಂದ ಪದ್ಧತಿ.

ಏಳನೆಯ ಅರ್ಜಿಯಲ್ಲಿ ಗಂಡನಿಗೆ ಮರೆವು, ಹೆಂಡತಿಗೆ ಎಪ್ಪತ್ತೊಂದು ವರ್ಷ, ಸೊಂಟ ನೋವು. ಊರಿನಲ್ಲಿ ಬಂಧುಗಳು ಯಾರೂ ಇಲ್ಲ ಅಂತ ಬರೆದಿತ್ತು. ನಮ್ಮ ಅಧ್ಯಕ್ಷೆ ಪೆರ್ಲ್‌ಮುಟರ್, "ಯಾರೂ ಇಲ್ದೋರಿಗೇ ಅಲ್ವೇನಮ್ಮಾ ನಾವು ಮೊದ್ಲು ಆಗ್ಬೇಕಾದ್ದು?" ಅಂದರು. ನಾನು ಸುಮ್ಮನಿರಬಾರದಿತ್ತೇ? "ಯಾರೂ ಇಲ್ಲ ಅನ್ನೋಕೆ ಇವ್ರೇನು ಆಕಾಶದಿಂದ ಉದುರಿದ್ರಾ? ಯಾರ ಹತ್ರ ಜಗಳ ಆಡ್ಕೊಂಡು ಕೂತಿದಾರೋ, ಹೋಗಿ ರಾಜಿ ಮಾಡ್ಕೊಳ್ಲಿ" ಅಂದೆ. ಎಲ್ಲರೂ ನಕ್ಕರು. ಮತ ಸಮಸಮವಾಗಿತ್ತು, ನನ್ನ ಕೈ ವಿರುದ್ಧವಾಗಿ ಎದ್ದಿತು, ಮರೆವಿನವರನ್ನು ನೋಡಿಕೊಳ್ಳುವ ಸೇವೆ ಕೊನೆಗೆ ಹೋಗಿ ನಿಂತೇಹೋಯಿತು.

ಹೋದ ಶುಕ್ರವಾರ ಬೇಕರಿಯಲ್ಲಿ, ಹಗಲು ನಿಮ್ಮ ಮನೆಗೆ ಬರುವ ಗಲೀನಾ ಸಿಕ್ಕಳು. "ನಿಮ್ಮಕ್ಕನ ಮನೇಲಿ ನನ್ ಕೆಲ್ಸ ಈ ತಿಂಗ್ಳಿಗೆ ಮುಗೀತು. ಪಾಪ, ಆಯಮ್ಮ ಒಬ್ಬರೇ ನಿಮ್ ಭಾವ ಲೇಜರ್ ಅವ್ರನ್ನ ಹೆಂಗೆ ಎತ್ತಿ ಕೂರಿಸ್ತಾರೋ. ನಿಮ್ಗೆ ಗೊತ್ತೇ ಇಲ್ವಾ?" ಅಂದಳು. ಆ ಏಳನೆಯ ಅರ್ಜಿ ನಿನ್ನದು ಅಂತ ಆಗಲೇ ನನಗೆ ತಿಳಿದದ್ದು. ಬ್ರೆಡ್ಡನ್ನು ಅಲ್ಲೇ ಬಿಟ್ಟು ಬಂದೆ.

ಅಮ್ಮ ಹೋದಾಗ ಸೂತಕದ ಏಳು ದಿನ ನೀನೊಂದು ಮನೆಯಲ್ಲಿ, ನಾನೊಂದು ಮನೆಯಲ್ಲಿ ಕೂತೆವು. ಬಂದವರು ಎರಡೂ ಕಡೆ ತಿರುಗಬೇಕಾಯಿತು. ನಾಚಿಕೆಗೇಡು! ಆರು ವರ್ಷ ಆಯಿತು, ಯಾಕೆ ಹಾಗೆ ಮಾಡಿದೆವು ಅಂತ ಈಗ ಸರಿಯಾಗಿ ಹೇಳಲೂ ಆಗುವುದಿಲ್ಲ.

ಮತ ಹಾಕಿದವರೇ ಕಾರಣ ಕೊಟ್ಟು ಕೇಳಿದರೆ ಗುರುವಾರದ ಸಭೆಯಲ್ಲಿ ಮತ್ತೆ ನೋಡಬಹುದಂತೆ. ಆದರೆ ಕಾರಣ ಹೇಳಿದರೆ ನಿನ್ನ ಹೆಸರು ಹೊರಬೀಳುತ್ತದೆ. ನೀನು ಹೂಂ ಅಂದರೆ ಮಾತ್ರ ಬಾಯಿ ಬಿಡುತ್ತೇನೆ. ಉಹೂಂ ಅಂದರೆ, ಗಲೀನಾ ಬಿಟ್ಟ ದಿನದಿಂದ ನಾನೇ ಬಂದು ಭಾವನ ಹತ್ತಿರ ಕೂರುತ್ತೇನೆ. ನೀನು ನನ್ನ ಜೊತೆ ಮಾತಾಡಬೇಕಾಗಿಲ್ಲ, ಬಾಗಿಲು ತೆಗೆದರೆ ಸಾಕು.

ನಿನ್ನ ತಂಗಿ,
ಮಿಂಡೆಲ್

ತಾ.ಕ.: ಅರ್ಧ ಮುಚ್ಚಿಟ್ಟು ಕೇಳಿದರೆ ಅದು ಕ್ಷಮೆ ಕೇಳಿದ ಹಾಗಲ್ಲ. ಬೇಕರಿಯಲ್ಲಿ ತಿಳಿಯಿತು ಅಂದದ್ದು ಸುಳ್ಳು. ಅರ್ಜಿಯಲ್ಲಿ ಇನ್ನೊಂದು ಸಾಲಿತ್ತು: ಪ್ರತಿ ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಗಂಡ, ಹೆಂಡತಿಯ ತಂಗಿ ಇನ್ನೂ ಬಂದಿಲ್ಲ, ಅವಳ ತಟ್ಟೆ ಇಡು ಅಂತ ಹಟ ಮಾಡುತ್ತಾರೆ. ಆ ತಂಗಿ ಸತ್ತಿರಬೇಕು ಅಂತ ಸಮಿತಿಯವರು ಮರುಗಿದರು. ಓದಿದ ಕೂಡಲೇ ಆ ತಂಗಿ ನಾನೇ ಅಂತ ನನಗೆ ಗೊತ್ತಾಗಿತ್ತು ಅಕ್ಕಾ. ಯಾರೂ ಇಲ್ಲ ಅಂತ ನೀನು ಬರೆದೆಯಲ್ಲ, ಆ ಸಿಟ್ಟಿಗೇ ಕೈ ಎತ್ತಿದೆ.