ದೊಡ್ಡಪತ್ರಿಯ ಉಸಿರು

ಸದಾಶಿವ ಪೇಠ, ಪುಣೆ
೯ ಆಗಸ್ಟ್ ೧೯೪೧

ತೀರ್ಥರೂಪ ಅಪ್ಪನ ಪಾದಗಳಿಗೆ ಗೋದಾಳ ನಮಸ್ಕಾರ.

ಕ್ವೆಟ್ಟಾದಾಗ ನಿಮ್ಮ ಆರೋಗ್ಯ ಹ್ಯಾಂಗದ? ರೈಲ್ವೆಯವರ ಊಟದಾಗ ಜ್ವಾಳದ ರೊಟ್ಟಿ ಸಿಗೂದಿಲ್ಲಂತ ಬರದಿದ್ರಿ, ಅದನ್ನ ಕೇಳಿ ಅಜ್ಜಿ ಅವತ್ತು ತಾನೂ ರೊಟ್ಟಿ ಮುಟ್ಟಲಿಲ್ಲ. ಅವ್ವನ ಕೆಮ್ಮು ಹಂಗ ಅದ. ಕಿಟಕಿ ಬಾಜೂಕ ಹಾಸಿಗಿ ಹಾಕಿಕೊಟ್ಟೀವಿ. ಅಲ್ಲೇ ದೊಡ್ಡಪತ್ರಿ ಕುಂಡ. ನೀವು ಧಾರವಾಡದಿಂದ ತಂದ ಟೊಂಗಿ ಈಗ ಪೊದಿ ಆಗ್ಯದ. ಅಜ್ಜಿ ದಿನಾ ನಾಕು ಎಲಿ ಬಾಡಿಸಿ, ರಸಾ ಹಿಂಡಿ, ಜೇನಿನಾಗ ಕಲಿಸಿ ಕೊಡ್ತಾಳ.

ಅಪ್ಪಾ, ನನ್ನಿಂದ ಒಂದು ತಪ್ಪಾತು. ಸೋಮವಾರ ಸಾಲ್ಯಾಗ ನಮ್ಮ ವಿಜ್ಞಾನದ ನೀರಜಾಬಾಯಿ ಸೂಕ್ಷ್ಮದರ್ಶಕದಾಗ ನೀರುಗಿಡದ ಎಲಿ ತೋರಿಸಿದರು. ಸಾಲು ಸಾಲು ಸಣ್ಣ ಖೋಲಿ, ಒಂದೊಂದರಾಗೂ ಹಸಿರು ಕಾಳು. ಆ ಕಾಳು ಬಿಸಲು ಹಿಡದು, ಬೇರು ತಂದ ನೀರು, ನಾವು ಬಿಟ್ಟ ಕೆಟ್ಟ ಗಾಳಿ ಕೂಡಿಸಿ ಸಕ್ಕರಿ ಮಾಡ್ತಾವಂತ, ಒಳ್ಳೆ ಗಾಳಿ ಹೊರಗ ಬಿಡ್ತಾವಂತ. ಭಾಳ ಖುಷಿ ಆತು. ಆದರ ಗಂಟಿ ಹೊಡೆಯೂ ಮುಂದ ನೀರಜಾಬಾಯಿ ಅಂದರು, ಕತ್ತಲಾದ್ರ ಆ ಅಡಿಗಿ ಬಂದ್ ಆಗ್ತದ, ಗಿಡಾನೂ ನಮ್ಹಂಗ ಒಳ್ಳೆ ಗಾಳಿ ಎಳಕೋತದ. ಅವ್ವನ ತಲಿದಿಂಬಿನಿಂದ ಕುಂಡ ಒಂದು ಮೊಳಾನೂ ದೂರ ಇಲ್ಲ!

ಮನಿಗೆ ಓಡಿಬಂದೆ. ಯಾರಿಗೂ ಹೇಳದ ಕುಂಡ ಎತ್ತಿಕೊಂಡು ಹಿತ್ತಲಕ್ಕ ಹೊಂಟೆ. ಮಳಿಗೆ ಮೆಟ್ಟಲಾ ಪಾಚಿಗಟ್ಟಿದ್ವು. ಕಾಲು ಜಾರಿತು, ಕುಂಡ ಚೂರುಚೂರಾತು. ಸಪ್ಪಳಕ್ಕ ಅವ್ವ ಗೋಡಿ ಹಿಡಕೊಂಡು ಬಂದಳು. "ಅದೇನ ಮಾಡಿತ್ತ ನಿನಗ?" ಅಂದಳು. "ಅದು ನಿನ್ನ ಉಸಿರು ಕುಡೀತದವ್ವಾ" ಅಂತ ನಾ ಅತ್ತೆ. ಅಕಿ ಬೈಲಿಲ್ಲ. ಮೆಟ್ಟಲ ಮ್ಯಾಲೆ ಕೂತು, ಕೆಮ್ಮಿಕೋತನ, ಮಣ್ಣಾಗಿನ ಟೊಂಗಿ ಆರಿಸಿದಳು.

ಮರುದಿನ ನೀರಜಾಬಾಯಿಗೆ ಎಲ್ಲಾ ಹೇಳಿದೆ. ಅವರು ನಗಲಿಲ್ಲ. ಗಿಡ ಹಗಲಿನಾಗೂ ಉಸಿರಾಡ್ತದ, ಆದರ ಆಗ ಕೊಡೂದು ಹೆಚ್ಚು, ತಗೊಳ್ಳೂದು ಕಡಿಮಿ. ರಾತ್ರಿ ಒಂದು ಕುಂಡ ಎಳಕೊಳ್ಳೂ ಗಾಳಿ ಮಲಗಿದ ಬೆಕ್ಕಿನಷ್ಟೂ ಅಲ್ಲ ಅಂದರು. ಟೊಂಗಿ ಎಣ್ಣಿ ಡಬ್ಬಿಯಾಗ ನೆಟ್ಟೀನಿ, ಬೇರು ಬಿಡ್ತಾವೋ ಇಲ್ಲೋ. ನನ್ನ ಹೆದರಿಕಿ ಮಾತ್ರ ಹೋಗವಲ್ಲದು. ಅವ್ವ ಕಣ್ಣು ಮುಚ್ಚಿದ್ರ ಸಾಕು, ಮೂಗಿನ ಹತ್ತರ ಕೈ ಹಿಡದು ನೋಡ್ತೀನಿ.

ಅಜ್ಜಿ ನಿಮಗ ನೂರು ವರ್ಷ ಬಾಳು ಅಂತ ಹರಸ್ಯಾಳ.

ನಿಮ್ಮ ಮಗಳು
ಗೋದಾ

ತಾ.ಕ.: ಇದನ್ನ ಬರೀಬ್ಯಾಡ ಅಂತ ಅವ್ವ ಆಣಿ ಹಾಕ್ಯಾಳ, ಅಕಿ ಬಚ್ಚಲಕ್ಕ ಹೋದಾಗ ಬರೀಲಿಕ್ಹತ್ತೀನಿ. ನಿನ್ನೆ ಕಫದಾಗ ರಕ್ತ ಬಂತು. ಡಾಕ್ಟರು ನೋಡಿ, ಯಜಮಾನರನ್ನ ಕರಸ್ರಿ ಅಂದ್ರು. ತಂತಿ ಕೊಟ್ಟರ ನೀವು ಹೆದರ್ತೀರಂತ ಅಜ್ಜಿ ಬ್ಯಾಡಂದಳು. ಹೆದರ್ರಿ ಅಪ್ಪಾ. ಹೆದರಿ, ಈ ಪತ್ರ ಮುಟ್ಟಿದ ದಿನಾನ ಗಾಡಿ ಹತ್ರಿ.