ಮೂಗಿಲ್ಲದ ಸಿಂಹದ ಸಾರೋಟು

ಪ್ರೀತಿಯ ಅತ್ತೆಗೆ,

ನೀನು ಗೆದ್ದೆ! ನಿನ್ನ ಮೊಣಕಾಲು ನೋವು ಹೇಗಿದೆ, ಅಡುಗೆಮನೆಯ ನಲ್ಲಿ ಸೋರುವುದು ನಿಂತಿತೇ ಇಲ್ಲವೇ ಎಂಬುದನ್ನೆಲ್ಲ ಆಮೇಲೆ ಕೇಳುತ್ತೇನೆ. ಮೊದಲು ಕನ್ನಡಕ ಹಾಕಿಕೊಂಡು, ಕುರ್ಚಿ ಎಳೆದುಕೊಂಡು, ಕೂತು ಇದನ್ನು ಓದು. ಸಾರೋಟು ಸಿಕ್ಕಿದೆ! ಐದು ವರ್ಷದವಳಿದ್ದಾಗ ಹತ್ತಿದ್ದೆ ಎಂದು ನೀನು ಹೇಳುತ್ತಿದ್ದ, ನಮ್ಮ ಮನೆಯಲ್ಲಿ ಒಬ್ಬರೂ ನಂಬದ, ಮುತ್ತಿನ ತೋರಣದ ಆ ಸಾರೋಟು. ಅದರ ಫೋಟೋದ ಒಂದು ಪ್ರತಿ ಈ ಕಾಗದದ ಪಕ್ಕದಲ್ಲೇ ಇದೆ. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ನಾಲ್ಕು ಜನರ ಹಲ್ಲಿನ ಸೆಟ್ಟುಗಳು ನನಗಾಗಿ ಕಾಯುತ್ತಿವೆ, ಕಾಯಲಿ. ಇವತ್ತೊಂದು ದಿನ ಅವರು ಗಂಜಿ ಕುಡಿದರೆ ಏನೂ ಆಗುವುದಿಲ್ಲ.

ಫೋನ್ ಮಾಡಬಾರದಿತ್ತೇ ಎನ್ನುತ್ತೀಯ. ಮಾಡಿದರೆ ನೀನು 'ಹೂಂ, ಸರಿ, ಇಡ್ತೀನಿ' ಎನ್ನುವುದು ಬಿಟ್ಟು ಇನ್ನೇನು ಹೇಳುತ್ತೀಯ? ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕೂತು ಊರವರ ಮಾತಿಗೆಲ್ಲ ಸಂಪರ್ಕ ಕೊಟ್ಟವಳು ನೀನು, ನಮ್ಮೊಂದಿಗೆ ಮಾತ್ರ ಮೂರು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಯಾಕೆಂದು ನನಗೆ ಗೊತ್ತು. ಅದಕ್ಕೇ ಕಾಗದ.

ಆದದ್ದು ಹೀಗೆ. ಬಸ್ ನಿಲ್ದಾಣದ ಎದುರಿನ ಹಳೇ ಫೋಟೋ ಸ್ಟುಡಿಯೋ ಮುಚ್ಚಿತು. ಅಟ್ಟದ ಮೇಲಿದ್ದ ಹಳೆಯ ಚಿತ್ರಗಳನ್ನೆಲ್ಲ ಮಾಲೀಕರ ಮಗಳು ಗ್ರಂಥಾಲಯಕ್ಕೆ ಕೊಟ್ಟುಬಿಟ್ಟಳಂತೆ. ಅವರು ಕೆಳಗಿನ ಹಾಲಿನಲ್ಲಿ ಸಾಲಾಗಿ ತೂಗುಹಾಕಿದ್ದಾರೆ. ಎಲ್ಲ ಮದುವೆ ಜೋಡಿಗಳು, ಶಾಲೆಯ ಗುಂಪುಗಳು, ಬಿಗಿದುಕೊಂಡ ಮುಖಗಳು. ನಡುವೆ ಒಂದರ ಕೆಳಗೆ ಮಾತ್ರ, 'ಗುರುತು ಸಿಗದ ಅಲಂಕೃತ ವಾಹನ. ತಿಳಿದವರು ಚೀಟಿ ಬರೆದು ಡಬ್ಬಿಗೆ ಹಾಕಿ' ಎಂದು ಬರೆದಿತ್ತು. ಡಬ್ಬಿ ಆಗಲೇ ತುಂಬಿತ್ತು. ಸಿನಿಮಾದವರದು ಎಂದು ಒಬ್ಬರು, ಸರ್ಕಸ್ಸಿನದು ಎಂದು ಇನ್ನೊಬ್ಬರು, ನಮ್ಮ ತಾತನ ಮದುವೆಯದು ಎಂದು ಮೂವರು ಬೇರೆ ಬೇರೆ ತಾತಂದಿರ ಮೊಮ್ಮಕ್ಕಳು! ನಿವೃತ್ತ ಚರಿತ್ರೆ ಮೇಷ್ಟ್ರೊಬ್ಬರು ದಿನಾ ಸಂಜೆ ಅದರ ಪಕ್ಕ ನಿಂತು ಬಂದವರಿಗೆಲ್ಲ ಪಾಠ ಮಾಡುತ್ತಿದ್ದರು. 'ಇದು ರಾಜಮನೆತನದ್ದೇ, ಅನುಮಾನವೇ ಬೇಡ. ಮುತ್ತು ನೋಡಿ, ಮುತ್ತು! ಬೇರೆ ಯಾರ ಕೈಲಾಗುತ್ತೆ?'

ನಾನು ಪುಸ್ತಕ ವಾಪಸು ಕೊಡಲು ಹೋದವಳು. ಕಣ್ಣು ಹಾಯಿಸಿದವಳು ಅಲ್ಲೇ ನಿಂತುಬಿಟ್ಟೆ ನೋಡು. ಔಷಧಿ ಅಂಗಡಿಯ ಮೆಟ್ಟಿಲೆದುರು ನಿಂತ ಸಾರೋಟು. ಮೈತುಂಬ ಕೆತ್ತಿದ ಬಳ್ಳಿ, ಬಾಗಿಲಿಗೆ ಕನ್ನಡಿ, ಚಾವಣಿಯ ಅಂಚಿನುದ್ದಕ್ಕೂ ಬಿಳಿ ಮುತ್ತಿನ ಸರಗಳು, ನಾಲ್ಕು ಮೂಲೆಗೆ ನಾಲ್ಕು ಸಿಂಹದ ತಲೆ. ಮುಂದಿನ ಬಲಗಡೆಯ ಸಿಂಹಕ್ಕೆ ಮೂಗಿಲ್ಲ.

ನಾನು ಚಿಕ್ಕವಳಿದ್ದಾಗ, ನೀನಿನ್ನೂ ನನಗೊಬ್ಬಳಿಗೆ ಅಪರೂಪಕ್ಕೆ ಕತೆ ಹೇಳುತ್ತಿದ್ದಾಗ, ಜಡೆ ಹಾಕುತ್ತ ಹೇಳಿದ್ದೆಯಲ್ಲ: 'ನಾಲ್ಕು ಸಿಂಹ ಇದ್ವು ಕಣೇ. ಒಂದಕ್ಕೆ ಮೂಗೇ ಇರ್ಲಿಲ್ಲ, ಪಾಪ. ಡೋಲು ಬಾರಿಸಿದ್ರು. ಕೆಂಪು ಕೋಟಿನವನು ಗಲ್ಲ ಹಿಡಿದು, ಬಾ ರಾಣಿ ಅಂದ.' ಬುರುಡೆ ಬಿಡುವವರು ಯಾರಾದರೂ ಸಿಂಹದ ಮೂಗು ಮುರಿಯುತ್ತಾರೆಯೇ ಅತ್ತೆ? ಬಂಗಾರದ ಮೂಗು ಇಡುತ್ತಾರೆ. ಇಷ್ಟು ಸಣ್ಣ ವಿಷಯ ನಮಗ್ಯಾರಿಗೂ ಹೊಳೆಯಲಿಲ್ಲವಲ್ಲ! ಚಿತ್ರದ ಹಿಂದೆ ಸ್ಟುಡಿಯೋದವರು ಬರೆದ ವರ್ಷವನ್ನೂ ನೋಡಿದೆ. ನಿನಗೆ ಐದು ತುಂಬಿದ ವರ್ಷವೇ.

ಇನ್ನು ತಮಾಷೆ ಕೇಳು. ಗ್ರಂಥಪಾಲಕಿಯಿಂದ ಭೂತಗನ್ನಡಿ ಇಸಿದುಕೊಂಡು ಆ ಮುತ್ತಿನ ಸರದ ಮೇಲೆ ಹಿಡಿದೆ. ಹಿಡಿದವಳೇ ಜೋರಾಗಿ ನಕ್ಕುಬಿಟ್ಟೆ. ಪೇಪರ್ ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಇಪ್ಪತ್ತು ವರ್ಷದಿಂದ ಬೆಳಗಾದರೆ ನಾನು ನೋಡುವುದು ಅದನ್ನೇ ತಾನೇ? ಮೇಷ್ಟ್ರ ಕೈಗೆ ಭೂತಗನ್ನಡಿ ಕೊಟ್ಟು, 'ಮುತ್ತಿಗೆ ಬೇರು ಇರುತ್ತಾ ಮೇಷ್ಟ್ರೇ?' ಎಂದೆ. ಮೂರು ಬೇರಿನವು ಮೇಲಿನ ದವಡೆಯವು, ಎರಡು ಬೇರಿನವು ಕೆಳಗಿನವು, ಉದ್ದಕ್ಕೆ ಚೂಪಾಗಿರುವವು ಕೋರೆ. ಒಂದೊಂದನ್ನೂ ಬೆರಳಿಟ್ಟು ತೋರಿಸಿದೆ. ಮೇಷ್ಟ್ರು ಬಹಳ ಹೊತ್ತು ನೋಡಿದರು. ನಾಲಿಗೆಯನ್ನು ತಮ್ಮದೇ ಹಲ್ಲಿನ ಮೇಲೆ ಒಂದು ಸುತ್ತು ಆಡಿಸಿಕೊಂಡು, 'ಅಯ್ಯಯ್ಯೋ, ಮನುಷ್ಯರ ಹಲ್ಲು!' ಎಂದರು.

ಹೌದು ಅತ್ತೆ. ಅದು ರಾಜನ ಸಾರೋಟಲ್ಲ, ಊರೂರು ತಿರುಗಿ ಹಲ್ಲು ಕೀಳುತ್ತಿದ್ದವನದು. ನನಗೆ ಕೆಲಸ ಕಲಿಸಿದ ಮುದುಕರು ಇಂಥವರ ಬಗ್ಗೆ ಹೇಳುತ್ತಿದ್ದರು. ಜನ ಸೇರಲಿ ಎಂದು ಅಷ್ಟು ಅಲಂಕಾರ, ಕಿತ್ತ ಹಲ್ಲುಗಳನ್ನು ಸರ ಮಾಡಿ ಕಟ್ಟಿದರೆ ಅದೇ ಅವನ ಸರ್ಟಿಫಿಕೇಟು, ಮತ್ತು ಡೋಲು ಯಾಕೆಂದರೆ ಒಳಗೆ ಕೂತವರ ಕಿರುಚಾಟ ಹೊರಗಿನವರಿಗೆ ಕೇಳಿಸಬಾರದು ಎಂದು. ಕಿಟಕಿಯೊಳಗೆ ತಲೆ ಆನಿಸುವ ಎತ್ತರದ ಕುರ್ಚಿ ಕೂಡ ಕಾಣುತ್ತದೆ. ರಾಜ ಹೋಗಿ ಹಲ್ಲು ಕೀಳುವವನಾದ ಎಂದು ಬೇಜಾರು ಮಾಡಿಕೊಳ್ಳಬೇಡ. ಸಾರೋಟು ಬಂದದ್ದು ನಿಜ, ಸಿಂಹ ನಿಜ, ಡೋಲು ನಿಜ. ನೀನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ನಮ್ಮ ಮನೆಯಲ್ಲಿ ಯಾರಾದರೂ ಸುಳ್ಳು ಹೇಳಿದರೆ 'ಬಂತು ನೋಡು ಮುತ್ತಿನ ಸಾರೋಟು' ಎನ್ನುವುದು ರೂಢಿ. ಆ ಮಾತು ನಿನಗೆ ಮಾಡಿದ್ದು ಕಡಿಮೆಯೇ? ಇಪ್ಪತ್ತೆರಡು ವರ್ಷದವಳು, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳುತ್ತಿದ್ದೆಯಂತೆ. ಅಪ್ಪ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿದನಂತೆ, ಎಲ್ಲರೂ ನಕ್ಕರಂತೆ. ಎರಡು ದಿನ ಹಾಗೇ ಬಿಟ್ಟರು. ಅಪೆಂಡಿಕ್ಸ್ ಒಡೆದ ಮೇಲೆ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಬದುಕಿ ಬಂದದ್ದೇ ದೊಡ್ಡದು. ಆಮೇಲೆ ನೀನು ಬೇರೆ ಊರಲ್ಲಿ ಕೆಲಸ ಹುಡುಕಿಕೊಂಡೆ. ನಾನೇನು ಸಾಚಾ ಅಲ್ಲ. ಹತ್ತು ವರ್ಷದವಳಿದ್ದಾಗ ನೆಂಟರ ಮುಂದೆ, ನೀನು ಏನೋ ಹೇಳಲು ಬಾಯಿ ತೆರೆದ ತಕ್ಷಣ, 'ಮುತ್ತಿನ ಸಾರೋಟು ಬಂತು, ದಾರಿ ಬಿಡಿ!' ಎಂದು ಕೂಗಿದೆ. ನನಗೊಬ್ಬಳಿಗೆ ನಂಬಿ ಹೇಳಿದ ಕತೆಯನ್ನು ಹಾಗೆ ಮಾಡಿದೆ. ನೀನು ಲೋಟ ಕೆಳಗಿಟ್ಟು ಒಳಗೆ ಹೋದೆ. ಆಮೇಲೆ ನನಗೂ ಕತೆ ನಿಂತಿತು. ತಪ್ಪಾಯಿತು ಅತ್ತೆ. ಮೂವತ್ತು ವರ್ಷ ತಡವಾಗಿ ಹೇಳುತ್ತಿದ್ದೇನೆ, ಆದರೂ ತಪ್ಪಾಯಿತು.

ಮರುದಿನ ಬೆಳಿಗ್ಗೆಯೇ ಅಪ್ಪನನ್ನು ಗ್ರಂಥಾಲಯಕ್ಕೆ ಎಳೆದುಕೊಂಡು ಹೋದೆ. ಬಾಯ್ಮುಚ್ಚಿಸಬೇಕು, ಅಷ್ಟೇ ನನ್ನ ಆಸೆ. ಆದರೆ ಚಿತ್ರ ನೋಡಿ ಅವನು ಆಶ್ಚರ್ಯಪಡಲೇ ಇಲ್ಲ! ಅಲ್ಲಿದ್ದ ಬೆಂಚಿನ ಮೇಲೆ ಕೂತ. 'ಸಿಂಹ ಇಷ್ಟು ಚಿಕ್ಕದಿತ್ತಾ' ಎಂದ.

'ನೀನು ನೋಡಿದ್ದೆಯಾ?' ಎಂದೆ. ಆಗ ಹೇಳಿದ ಅತ್ತೆ, ನೆಲ ನೋಡಿಕೊಂಡು ಹೇಳಿದ. 'ಹಲ್ಲು ನೋವು ನನ್ಗೆ. ಲವಂಗದೆಣ್ಣೆ ತಗೊಂಡು ಬನ್ನಿ ಅಂತ ಅಮ್ಮ ಇಬ್ರನ್ನೂ ಕಳಿಸಿದ್ಲು. ಅಂಗಡಿ ಮುಂದೆ, ಧೈರ್ಯ ಇರೋರು ಹತ್ತಿ, ಪುಕ್ಕಟೆ ಅಂದ ಆ ಕೆಂಪು ಕೋಟಿನವನು. ಜಂಬ ನೋಡು, ನಾನೇ ಹತ್ತಿದೆ. ಇಕ್ಕಳ ಕಂಡಿದ್ದೇ ತಡ, ಆ ಕಡೆ ಬಾಗಿಲಿಂದ ಹಾರಿ ಓಡ್ಬಿಟ್ಟೆ. ನನ್ನ ಹುಡುಕ್ಕೊಂಡು ಅವಳು ಒಳಗೆ ಬಂದಿದ್ದಾಳೆ. ಅಲ್ಲಾಡ್ತಿದ್ದ ಹಾಲುಹಲ್ಲು ಒಂದು ಕಿತ್ತು ಜನಕ್ಕೆ ತೋರ್ಸಿದ. ನಾನು ಅಂಗಡಿ ಹಿಂದೆ ಅಡಗಿದ್ದೆ, ಡೋಲು ಕೇಳಿಸ್ತಿತ್ತು.'

ಬಾಯಿತುಂಬ ರಕ್ತ ಮಾಡಿಕೊಂಡು ಬಂದು ನೀನು ಸಿಂಹ, ಮುತ್ತು, ರಾಣಿ ಎಂದೆಲ್ಲ ಹೇಳಿದಾಗ ಅಜ್ಜಿ ಅಪ್ಪನತ್ತ ತಿರುಗಿ, ನಿಜವೇನೋ ಎಂದು ಕೇಳಿದಳಂತೆ. 'ನಿಜ ಅಂದ್ರೆ, ತಂಗಿ ಒಳಗಿದ್ದಾಗ ನೀನೆಲ್ಲಿದ್ದೆ ಅಂತ ಕೇಳ್ತಾಳಲ್ಲ. ಗಾಡಿನೂ ಇಲ್ಲ ಗೀಡಿನೂ ಇಲ್ಲ, ಮೆಟ್ಲ ಮೇಲೆ ಮುಗ್ಗರಿಸಿ ಬಿದ್ಲು ಅಂದೆ.'

'ಆಸ್ಪತ್ರೆಯಲ್ಲಿದ್ದಾಗಲಾದರೂ ಹೇಳಬೇಕು ಅನ್ನಿಸಲಿಲ್ವಾ?' ಎಂದು ಕಿರುಚಿದೆ. ಗ್ರಂಥಾಲಯ ಎನ್ನುವುದೂ ಮರೆತುಹೋಗಿತ್ತು. 'ಹೇಳೋಕೆ ಅಂತಲೇ ಹೋಗಿದ್ದೆ. ಅವಳು ಗೋಡೆ ಕಡೆ ತಿರುಗಿ ಮಲಗಿದ್ಲು. ಬಾಯಿ ಬರ್ಲಿಲ್ಲ' ಎಂದ. ಎಪ್ಪತ್ತೈದರ ಮುದುಕ, ಎಲ್ಲರೆದುರು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ನನಗೆ ಕನಿಕರ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ನಿನ್ನ ಮೇಲೆ ಬಂದ ಪ್ರೀತಿಯ ಮುಂದೆ ಅದು ಯಾವ ಲೆಕ್ಕ! ಅಣ್ಣ ಎಲ್ಲಿ ಎಂದು ಹುಡುಕಿಕೊಂಡು ನೀನು ಆ ಇಕ್ಕಳದವನ ಬಳಿಗೇ ಹೋದವಳು. ಐದು ವರ್ಷದ ಹುಡುಗಿ!

ಈಗ ಚಿತ್ರದ ಕೆಳಗಿನ ಬರಹ ಬದಲಾಗಿದೆ. 'ಹಲ್ಲು ಕೀಳುವವನ ಸಾರೋಟು' ಎಂದು ಹಾಕಿ, ಗುರುತಿಸಿದವರು ಎಂದು ನನ್ನ ಹೆಸರು ಬರೆಯಹೊರಟರು. ನಾನು ಒಪ್ಪಲಿಲ್ಲ. ನಿನ್ನ ಹೆಸರು ಬರೆಸಿದೆ, ಪೂರ್ತಿ ಹೆಸರು, ದಪ್ಪ ಅಕ್ಷರದಲ್ಲಿ: ಇದನ್ನು ಹತ್ತಿದವರು, ಇದನ್ನು ಸರಿಯಾಗಿ ನೆನಪಿಟ್ಟುಕೊಂಡ ಒಬ್ಬರೇ ಒಬ್ಬರು. ಚರಿತ್ರೆ ಮೇಷ್ಟ್ರು ಈಗ ಬಂದವರಿಗೆಲ್ಲ ನಿನ್ನ ಪಾಠ ಮಾಡುತ್ತಿದ್ದಾರೆ, ನೂರಾರು ಸಲ ನಿನ್ನನ್ನು ಭೇಟಿಯಾದವರ ಹಾಗೆ. ಮನೆಯಲ್ಲೂ ಬಿಡಲಿಲ್ಲ ನಾನು. ದೊಡ್ಡಪ್ಪ, ಚಿಕ್ಕಪ್ಪ, ಅವರ ಮಕ್ಕಳು, ಎಲ್ಲರನ್ನೂ ಊಟಕ್ಕೆ ಕರೆದು, ಅಪ್ಪನನ್ನು ನಿಲ್ಲಿಸಿ, ಮೊದಲಿನಿಂದ ಕೊನೆಯವರೆಗೆ ಹೇಳಿಸಿದೆ. ದೊಡ್ಡಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಒಬ್ಬರೂ ನಗಲಿಲ್ಲ.

ಇನ್ನು ನಿನಗೊಬ್ಬಳಿಗೆ ಹೇಳುವುದು ಬಾಕಿ. ಈ ಭಾನುವಾರ ಅಪ್ಪ ಹತ್ತು ಗಂಟೆಯ ಬಸ್ಸಿಗೆ ಬರುತ್ತಾನೆ, ಒಬ್ಬನೇ. ನಾನೂ ಬರುತ್ತೇನೆ ಎಂದರೆ ಬೇಡ ಎಂದ. ಏನು ಹೇಳಬೇಕೆಂದು ನಿನ್ನೆಯಿಂದ ಹಿತ್ತಲಲ್ಲಿ ಗೊಣಗಿಕೊಂಡು ಅಭ್ಯಾಸ ಮಾಡುತ್ತಿದ್ದಾನೆ, ಪಾಪ. ಕ್ಷಮಿಸುವುದು ಬಿಡುವುದು ನಿನಗೆ ಬಿಟ್ಟದ್ದು, ನಾನು ಶಿಫಾರಸು ಮಾಡುವುದಿಲ್ಲ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಅವನು ಬಾಗಿಲು ತಟ್ಟಿದ ಕೂಡಲೇ ಓಡಿಬಂದು ತೆಗೆಯಬೇಡ. 'ಯಾರದು?' ಎಂದು ಒಳಗಿನಿಂದಲೇ ಕೇಳು. ನಿಮ್ಮ ಬೀದಿಗೆಲ್ಲ ಕೇಳುವ ಹಾಗೆ, ಗಟ್ಟಿಯಾಗಿ, ಅವನು ಹೊರಗೆ ನಿಂತೇ ನಡೆದದ್ದೆಲ್ಲ ಹೇಳಲಿ.

ನಿನ್ನ ಮಾತು ನೂರು ವರ್ಷ ಬಾಳಲಿ ಎಂದು ಹಾರೈಸುತ್ತ,

ನಿನ್ನನ್ನು ಇನ್ನು ಮುಂದೆ ಕೇಳದೆಯೇ ನಂಬುವ,
ಹಲ್ಲು ಕಟ್ಟುವ ಸೋದರಸೊಸೆ